ಮುಕ್ಕಾದ ಕಲ್ಲು

ಅಮ್ಮ ಹೋದ ಮೇಲೆ ಅಕ್ಕತಂಗಿಯರು ಕೂತು ಹಂಚಿಕೊಂಡಾಗ ನನ್ನ ಪಾಲಿಗೆ ಬಂದದ್ದು ಏಳು ಕಲ್ಲಿನ ಒಂದು ಜೊತೆ ಓಲೆ. ನಡುವೆ ಒಂದು ಕೆಂಪು, ಸುತ್ತ ಆರು. ಅಜ್ಜಿಯ ಕಿವಿಯಿಂದ ಅಮ್ಮನ ಕಿವಿಗೆ ಇಳಿದು ಬಂದ ಒಡವೆ. ಪುಟ್ಟ ಮರದ ಡಬ್ಬಿಯಲ್ಲಿ ಗುಲಾಬಿ ಕಾಗದ ಸುತ್ತಿ ಇಟ್ಟಿದ್ದರು. ಬಿಚ್ಚಿ ನೋಡಿದರೆ ಎಡಗಿವಿಯದು ಇದ್ದ ಹಾಗೇ ಇತ್ತು. ಬಲಗಿವಿಯದರಲ್ಲಿ ಮೂರು ಕಲ್ಲು ಇದ್ದಿಲಿನಂತೆ ಕಪ್ಪಿಟ್ಟಿದ್ದವು. ಕೆಳಗಿನ ಒಂದು ಕಲ್ಲಿನ ಅಂಚಿನಲ್ಲಿ, ಉಗುರು ಆಡಿಸಿದರೆ ತಡೆಯುವಂಥ ಮುಕ್ಕು.

ಮೊದಲು ಹೋದದ್ದು ಗಾಜಿನ ಬಾಗಿಲಿನ ದೊಡ್ಡ ಅಂಗಡಿಗೆ. ಅಲ್ಲಿನ ಹುಡುಗ ವಿನಯದಿಂದಲೇ ಓಲೆಯನ್ನು ತೂಕದ ಯಂತ್ರದ ಮೇಲಿಟ್ಟ. "ರಿಪೇರಿ ಮಾಡ್ಸೋದು ದಂಡ ಮೇಡಂ. ಕಲ್ಲು ತೆಗೆದು ಚಿನ್ನಕ್ಕೆ ರೇಟು ಹಾಕ್ತೀವಿ, ಹೊಸದು ತಗೊಳ್ಳಿ. ಕಲ್ಲಿಗೆ ಏನೂ ಬರಲ್ಲ" ಎಂದ. ಅವನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಹಳೆ ಒಡವೆ ಕೊಳ್ಳುವಾಗ ಕಲ್ಲಿನ ತೂಕ ಕಳೆಯುವುದು ವ್ಯಾಪಾರದ ರೂಢಿ. ಆದರೂ ಆ ಮಾತು ನನ್ನ ಜೊತೆ ಮನೆಗೆ ಬಂತು. ಅಮ್ಮನ ಕಿವಿಯಲ್ಲಿ ನಾನು ಐವತ್ತು ವರ್ಷ ನೋಡಿದ್ದು ಆ ಕೆಂಪನ್ನು. ಅದನ್ನು ಹಿಡಿದುಕೊಂಡಿದ್ದ ಚಿನ್ನ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಆಮೇಲೆ ಹಳೇ ಪೇಟೆಯ ಒಬ್ಬ ಆಚಾರ್ರ ಬಳಿ ಹೋದೆ. ಎಪ್ಪತ್ತು ದಾಟಿದವರು. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಓಲೆಯನ್ನು ಬಹಳ ಹೊತ್ತು ತಿರುವಿದರು. ಹಿಂದಿನ ಅರಗನ್ನು ಹದವಾಗಿ ಕಾಯಿಸಿ, ಕಪ್ಪಾದ ಕಲ್ಲೊಂದನ್ನು ಚಿಮಟದಿಂದ ಎತ್ತಿ, ಪಂಚೆಯ ತುದಿಯಲ್ಲಿ ಒರೆಸಿ ನನ್ನ ಅಂಗೈ ಮೇಲಿಟ್ಟರು. "ಬೆಳಕಿಗೆ ಹಿಡೀರಿ" ಎಂದರು. ಹಿಡಿದೆ. ದಾಳಿಂಬೆ ಕಾಳಿನ ಹಾಗೆ ಕೆಂಪಗಿತ್ತು.

"ಕಲ್ಲಿಗೇನೂ ಆಗಿಲ್ಲ ತಾಯಿ. ಹಿಂದೆ ನೀರು ಹೋಗಿದೆ."

ನಮ್ಮ ಕಡೆಯ ಹಳೆಯ ಕಲ್ಲಿನ ಒಡವೆಗಳಲ್ಲಿ ಕಲ್ಲಿನ ಬೆನ್ನು ಕಾಣುವುದಿಲ್ಲ. ಗೂಡಿಗೆ ಅರಗು ತುಂಬಿ, ಅದರ ಮೇಲೆ ಬೆಳಕನ್ನು ಹಿಂದಕ್ಕೆ ಎಸೆಯಲೆಂದು ತೆಳ್ಳನೆ ಬೇಗಡೆ ಹಾಸಿ, ಅದರ ಮೇಲೆ ಕಲ್ಲು ಕೂರಿಸಿ, ಸುತ್ತ ಚಿನ್ನವನ್ನು ಒತ್ತಿ ಮುಚ್ಚುತ್ತಾರೆ. ನಾವು ಕಲ್ಲಿನ ಹೊಳಪು ಎಂದುಕೊಳ್ಳುವುದರಲ್ಲಿ ಅರ್ಧ ಪಾಲು ಆ ಬೇಗಡೆಯದು. ಬೆಳ್ಳಿಯ ಬೇಗಡೆಗೆ ನೀರು ತಾಗಿದರೆ ಕಾಲಕ್ರಮೇಣ ಕರ್ರಗಾಗುತ್ತದೆ. ಆಚಾರ್ರು ತೆಗೆದು ತೋರಿಸಿದ ಚೂರು ದೀಪದ ಮಸಿಯಂತಿತ್ತು. "ಅಮ್ಮನೋರು ಅಂಟುವಾಳದ ನೀರಲ್ಲಿ ನೆನೆ ಹಾಕ್ತಿದ್ರಾ?" ಎಂದು ಕೇಳಿದರು. ಹೌದು. ಗೌರಿಹಬ್ಬಕ್ಕೆ ಮುಂಚೆ, ದೀಪಾವಳಿಗೆ ಮುಂಚೆ, ಯಾವ ಮದುವೆಗೂ ಮುಂಚೆ ಅಮ್ಮ ಬಟ್ಟಲು ತುಂಬ ನೊರೆ ಮಾಡಿ ಓಲೆಯನ್ನು ರಾತ್ರಿಯಿಡೀ ಅದರಲ್ಲಿ ಬಿಡುತ್ತಿದ್ದರು. ಬೆಳಗ್ಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಬೆಳಕಿಗೆ ಹಿಡಿದು, ತಮ್ಮಷ್ಟಕ್ಕೆ ನಗುತ್ತಿದ್ದರು. ಕಲ್ಲನ್ನು ಕಪ್ಪಾಗಿಸಿದ್ದು ಆ ಅಕ್ಕರೆಯೇ.

ಕಲ್ಲು ಮಂಕಾಯಿತು ಎಂದು ಎಷ್ಟು ಸುಲಭವಾಗಿ ತೀರ್ಮಾನಿಸುತ್ತೇವೆ! ನಮ್ಮ ದೊಡ್ಡಪ್ಪನ ವಿಷಯದಲ್ಲೂ ಹೀಗೇ ಆಗಿತ್ತು. ಕೇಳಿದ್ದೊಂದು, ಉತ್ತರ ಇನ್ನೊಂದು. ವಯಸ್ಸಾಯಿತು, ಬುದ್ಧಿ ಮಂಕಾಯಿತು ಎಂದು ಮೂರು ವರ್ಷ ಅವರನ್ನು ಮಾತಿನಿಂದ ಹೊರಗಿಟ್ಟಿದ್ದೆವು. ಯಾವುದೋ ನೆಪದಲ್ಲಿ ಡಾಕ್ಟರು ಕಿವಿಯ ಗುಗ್ಗೆ ತೆಗೆದರು. ಆ ಸಂಜೆಯೇ ದೊಡ್ಡಪ್ಪ ಇಸ್ಪೀಟಿನಲ್ಲಿ ನಮ್ಮನ್ನೆಲ್ಲ ಸೋಲಿಸಿ ಎದ್ದರು. ಹಾಳಾದದ್ದು ಯಾವುದು, ಹಾಳಾದಂತೆ ಕಂಡದ್ದು ಯಾವುದು ಎಂದು ಬಿಚ್ಚಿ ನೋಡುವ ವ್ಯವಧಾನ ಇರುವವರು ಕಮ್ಮಿ. ಎಸೆಯುವವರಿಗಂತೂ ಅದು ಇರುವುದೇ ಇಲ್ಲ.

ಆದರೆ ಕೆಳಗಿನ ಕಲ್ಲಿನ ಮುಕ್ಕು ನಿಜವಾದದ್ದೇ. ಅಲ್ಲಿ ಬೇಗಡೆ ಬದಲಿಸಿ ಮಾಡುವುದೇನೂ ಇರಲಿಲ್ಲ.

ಚಿನ್ನಕ್ಕೂ ಕಲ್ಲಿಗೂ ಇರುವ ಅಂತರ ನನಗೆ ಅಂದು ಮೊದಲ ಸಲ ಅರ್ಥವಾಯಿತು. ಚಿನ್ನ ಮುರಿದರೆ ಬೆಸುಗೆ ಹಾಕಬಹುದು, ಸವೆದರೆ ಸೇರಿಸಬಹುದು, ಮನಸ್ಸು ಬದಲಾದರೆ ಮೂಸೆಯಲ್ಲಿ ಕರಗಿಸಿ ಇನ್ನೊಂದು ಮಾಡಬಹುದು. ಅಜ್ಜಿಯ ಕಾಸಿನ ಸರ ಅತ್ತೆಯ ಬಳೆಯಾಗಿ, ಅತ್ತೆಯ ಬಳೆ ಮೊಮ್ಮಗಳ ನೆಕ್‌ಲೇಸಾಗಿ ಬದಲಾದ ಮೇಲೆ ಆ ಚಿನ್ನಕ್ಕೆ ಹಿಂದಿನ ಜನ್ಮದ ನೆನಪೇ ಇರುವುದಿಲ್ಲ. ಕಲ್ಲು ಹಾಗಲ್ಲ. ಅದಕ್ಕೆ ಏನನ್ನೂ ಸೇರಿಸಲಾಗದು. ಗೀರು ಹೋಗಬೇಕೆಂದರೆ ಗೀರಿನ ಆಳದವರೆಗೆ ಇಡೀ ಮೈಯನ್ನು ಸಾಣೆಗೆ ಕೊಡಬೇಕು. ಮುಕ್ಕು ಹೋಗಬೇಕೆಂದರೆ ಮುಕ್ಕಿಲ್ಲದ ಭಾಗವನ್ನೂ ಅದರ ಮಟ್ಟಕ್ಕೆ ಇಳಿಸಬೇಕು. ಕಲ್ಲಿನ ದುರಸ್ತಿ ಎಂದರೆ ಕಳೆಯುವುದು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ನಾವೆಲ್ಲ ಶಾಲೆಯಲ್ಲಿ ವಿಸ್ತರಿಸಿ ಬರೆದವರೇ. ಮಾತಿನ ಬಗ್ಗೆ ಒಂದು ಪುಟ ಬರೆದು ಮುತ್ತಿನ ಬಗ್ಗೆ ಒಂದು ಸಾಲೂ ಬರೆಯದೆ ಮುಗಿಸಿದವರು. ಗಾದೆ ಕಟ್ಟಿದವರು ಮುತ್ತಿನ ಬದಲು ಚಿನ್ನ ಎಂದಿದ್ದರೆ ಅದು ನಿಲ್ಲುತ್ತಲೇ ಇರಲಿಲ್ಲ. ಒಡವೆಪೆಟ್ಟಿಗೆಯಲ್ಲಿ ಯಾವುದಕ್ಕೆ ಮರುಹುಟ್ಟು ಉಂಟು, ಯಾವುದಕ್ಕೆ ಇಲ್ಲ ಎಂದು ಬಲ್ಲವರ ಮಾತು ಅದು.

ಕಲ್ಲು ಗಟ್ಟಿ, ಅದಕ್ಕೇನಾಗುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ಯಾವ ಖನಿಜ ಯಾವುದನ್ನು ಗೀರುತ್ತದೆ ಎಂದು ನೋಡಿ ಫ್ರೀಡ್ರಿಕ್ ಮೋಹ್ಸ್ ಎಂಬ ವಿಜ್ಞಾನಿ 1812ರಲ್ಲಿ ಒಂದರಿಂದ ಹತ್ತರವರೆಗೆ ಒಂದು ಏಣಿ ಮಾಡಿದ. ವಜ್ರ 10, ಕೆಂಪು ಮತ್ತು ನೀಲ 9, ಪಚ್ಚೆ ಏಳೂವರೆಗೂ ಎಂಟಕ್ಕೂ ನಡುವೆ, ಹವಳ ಮುತ್ತುಗಳು ಮೂರು ನಾಲ್ಕರ ಆಸುಪಾಸು. ಇನ್ನು ನಮ್ಮ ಮನೆಯ ಕಿಟಕಿಯಿಂದ ದಿನಾ ಒಳಬರುವ ದೂಳಿನಲ್ಲಿ ಇರುವ ಬೆಣಚುಕಲ್ಲಿನ ಕಣಗಳದು 7. ಅಂದರೆ ದೂಳು ಕೂತ ಹವಳದ ಸರವನ್ನು ಒಣಬಟ್ಟೆಯಲ್ಲಿ ತಿಕ್ಕುವುದೂ ಒಂದೇ, ಉಪ್ಪುಕಾಗದ ಹಾಕಿ ಉಜ್ಜುವುದೂ ಒಂದೇ. ನಲವತ್ತು ವರ್ಷ ಹೀಗೆ ಒರೆಸಿಸಿಕೊಂಡ ಹವಳ ಮಸುಕಾಗದೆ ಇನ್ನೇನಾದೀತು? ನಿಂಬೆಹುಳಿ, ಹುಣಸೆಹಣ್ಣು, ಹಲ್ಲುಜ್ಜುವ ಪೇಸ್ಟು ಎಲ್ಲವೂ ಒಂದಲ್ಲ ಒಂದು ಮನೆಯ ಗುಟ್ಟಿನ ಉಪಾಯ. ಮುತ್ತಿಗೆ ಅವು ಮೂರೂ ಶತ್ರು. ಮುತ್ತೆಂದರೆ ಹೆಚ್ಚಿನಂಶ ಸುಣ್ಣದ ಜಾತಿಯದು. ಹುಳಿ ತಾಗಿದರೆ ಕರಗುತ್ತದೆ, ಬೆವರಿಗೂ ಮಾಸುತ್ತದೆ.

ಏಣಿಯ ತುದಿಯಲ್ಲಿ ಕೂತ ವಜ್ರದ ಕಥೆ ಇನ್ನೂ ಸೋಜಿಗ. ಅದನ್ನು ಗೀರಲು ಇನ್ನೊಂದು ವಜ್ರವೇ ಬೇಕು. ಆದರೆ ಅದರ ಒಳಗಿನ ಕಟ್ಟಡದಲ್ಲಿ ನಾಲ್ಕು ದಿಕ್ಕಿಗೆ ಸೀಳುವ ಪದರಗಳಿವೆ. ಆ ಜಾಡಿನಲ್ಲಿ ಒಂದು ಪೆಟ್ಟು ಬಿದ್ದರೆ ಸೌದೆಯಂತೆ ಸೀಳುತ್ತದೆ. ಹಿಂದಿನ ಕಾಲದ ವಜ್ರ ಕಡಿಯುವವರು ಈ ಗುಟ್ಟನ್ನೇ ನಂಬಿ ಒಂದೇ ಏಟಿಗೆ ಕಲ್ಲನ್ನು ಇಬ್ಭಾಗ ಮಾಡುತ್ತಿದ್ದರು. ಇನ್ನೊಂದು ಕಡೆ, ನೆಫ್ರೈಟ್ ಎಂಬ ಹಸಿರು ಜೇಡ್ ಕಲ್ಲು ಗಡಸಿನಲ್ಲಿ ಆರರ ಆಸುಪಾಸಿನದು. ವಜ್ರದ ಮುಂದೆ ಏನೇನೂ ಅಲ್ಲ. ಅದರ ಒಳಮೈ ಮಾತ್ರ ಎಳೆ ಎಳೆಯಾಗಿ ಹೆಣೆದುಕೊಂಡಿದೆ. ಏಟಿಗೆ ಒಡೆಯುವುದು ಬಲು ಕಷ್ಟ. ನ್ಯೂಜಿಲೆಂಡಿನ ಮಾವೋರಿ ಜನ ಅದರಲ್ಲಿ ಮರ ಕೆತ್ತುವ ಬಾಚಿ ಮಾಡಿಕೊಂಡಿದ್ದರು. ಗಡಸುತನ ಬೇರೆ, ತಾಳಿಕೆ ಬೇರೆ. ಯಾರಿಂದಲೂ ಗೀರು ಬೀಳಿಸಿಕೊಳ್ಳದ ಮನುಷ್ಯರು ಒಂದು ದಿನ ಒಂದೇ ಮಾತಿಗೆ ಎರಡು ಹೋಳಾಗುವುದನ್ನೂ, ಎಲ್ಲರ ಕೈಲೂ ಗೀರಿಸಿಕೊಂಡ ಹೆಣ್ಣುಮಕ್ಕಳು ಮನೆಯನ್ನು ಕೊನೆಯವರೆಗೆ ಹಿಡಿದು ನಿಲ್ಲುವುದನ್ನೂ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

"ಈ ಮುಕ್ಕಿಗೆ ಏನು ಮಾಡೋಣ ಆಚಾರ್ರೇ?" ಎಂದೆ.

ಅವರು ಮೂರು ದಾರಿ ಹೇಳಿದರು. ಹೊಸ ಕಲ್ಲು ಹಾಕುವುದು ಒಂದು. ಇದನ್ನೇ ಸಾಣೆ ಹಿಡಿಸುವುದು ಎರಡು. ಆದರೆ ಒಂದು ಕಲ್ಲಿನ ಸುತ್ತ ಆರು ಕಲ್ಲು ಒಂದಕ್ಕೊಂದು ತಾಗಿ ಕೂರಬೇಕಾದರೆ ಏಳೂ ಒಂದೇ ಅಳತೆ ಇರಬೇಕು. ಒಂದು ಕಿರಿದಾದರೆ ಹೂವೇ ಸಡಿಲ. ಉಳಿದ ಆರನ್ನೂ ಸವೆಸಬೇಕಾಗುತ್ತದೆ. ಮೂರನೆಯದು, ಕಲ್ಲನ್ನು ಗೂಡಿನಲ್ಲೇ ತಿರುಗಿಸಿ ಮುಕ್ಕನ್ನು ಚಿನ್ನದ ಅಂಚಿನ ಕೆಳಗೆ ತರುವುದು.

ಎರಡನೆಯ ದಾರಿಯ ಬಗ್ಗೆ ಮನೆಗೆ ಬಂದ ಮೇಲೂ ಯೋಚಿಸುತ್ತಿದ್ದೆ. ಅದನ್ನು ಹಿಡಿದವರಲ್ಲಿ ಬಹಳ ದೊಡ್ಡವರಿದ್ದಾರೆ. ಗೋಲ್ಕೊಂಡ ಸೀಮೆಯದೆಂದು ನಂಬಲಾದ, ಬವೇರಿಯಾದ ವಿಟೆಲ್ಸ್‌ಬಾಖ್ ರಾಜಮನೆತನಕ್ಕೆ 1722ರಲ್ಲಿ ಸೇರಿದ ಒಂದು ನೀಲಿ ವಜ್ರವಿದೆ. 35.56 ಕ್ಯಾರೆಟ್ ತೂಕ. ಅಂಚಿನಲ್ಲಿ ಅಲ್ಲಲ್ಲಿ ಮುಕ್ಕು, ಗೀರು. 2008ರ ಡಿಸೆಂಬರಿನಲ್ಲಿ ಲಂಡನ್ನಿನ ಹರಾಜಿನಲ್ಲಿ ವಜ್ರದ ವ್ಯಾಪಾರಿ ಲಾರೆನ್ಸ್ ಗ್ರಾಫ್ ಅದನ್ನು 1.64 ಕೋಟಿ ಪೌಂಡಿಗೆ ಕೊಂಡು ಮತ್ತೆ ಸಾಣೆಗೆ ಕೊಟ್ಟರು. ಹೊರಬಂದಾಗ 31.06 ಕ್ಯಾರೆಟ್. ಒಂದು ಕ್ಯಾರೆಟ್ ಎಂದರೆ ಗ್ರಾಮಿನ ಐದನೆಯ ಒಂದು ಪಾಲು. ಕಳೆದದ್ದು ಒಂದು ಗ್ರಾಮಿಗೂ ಕಮ್ಮಿ. ಮುಕ್ಕು ಹೋಯಿತು, ನೀಲಿ ಗಾಢವಾಯಿತು, ಪರೀಕ್ಷಕರು ಕೊಟ್ಟ ದರ್ಜೆ ಏರಿತು. ಅದರ ಜೊತೆಗೇ ಜಗಳವೂ ಎದ್ದಿತು. ಮುನ್ನೂರು ವರ್ಷದ ಕೈಗುರುತನ್ನು ಅಳಿಸಿಹಾಕಿದ್ದು ಹಳೆಯ ಮಹಾಚಿತ್ರದ ಮೇಲೆ ಹೊಸ ಬಣ್ಣ ಬಳಿದಂತೆ ಎಂದು ವಜ್ರದ ಇತಿಹಾಸ ಬಲ್ಲವರು ಆಕ್ಷೇಪಿಸಿದರು. ಕಲ್ಲಿನ ಹೆಸರೂ ಬದಲಾಗಿ ಕೊಂಡವರ ಹೆಸರು ಅದರ ಬಾಲಕ್ಕೆ ಸೇರಿತು.

ಇದಕ್ಕೆ ಎದುರಾಗಿ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿರುವ ತೈಮೂರ್ ಮಾಣಿಕ್ಯವನ್ನು ನೋಡಬೇಕು. ಹೆಸರು ಮಾಣಿಕ್ಯವಾದರೂ ಜಾತಿಯಲ್ಲಿ ಅದು ಸ್ಪಿನೆಲ್ ಎಂಬ ಬೇರೆ ಕೆಂಪು ಕಲ್ಲು. ಮೊಘಲ್ ದೊರೆಗಳೂ ಆಮೇಲೆ ನಾದಿರ್ ಷಾನೂ ಅದರ ಮೈಮೇಲೆಯೇ ತಂತಮ್ಮ ಹೆಸರು ಕೆತ್ತಿಸಿಟ್ಟಿದ್ದಾರೆ. ಶುದ್ಧ ರತ್ನದ ಲೆಕ್ಕದಲ್ಲಿ ಪ್ರತಿ ಅಕ್ಷರವೂ ಒಂದು ಗಾಯ. ಆ ಗಾಯಗಳನ್ನು ಸಾಣೆ ಹಿಡಿಸಿ ನುಣುಪು ಮಾಡಿದರೆ ಉಳಿಯುವುದು ಒಂದು ದೊಡ್ಡ ಕೆಂಪು ಕಲ್ಲು, ಅಷ್ಟೇ.

ಗಾಯವೂ ಗುರುತೂ ಒಂದೇ ಗೆರೆಯಾಗಿರುವಾಗ ಯಾವುದನ್ನು ಅಳಿಸುವುದು? ನಮ್ಮ ಹಿರಿಯರಲ್ಲಿ ಇದಕ್ಕೆ ಒಂದೇ ಉತ್ತರ ಇರಲಿಲ್ಲ. ರತ್ನಪರೀಕ್ಷೆಯ ಶಾಸ್ತ್ರಗಳು ಕಲ್ಲಿನ ದೋಷಗಳನ್ನು ಪಟ್ಟಿ ಮಾಡಿ, ಬಿರುಕು, ಚುಕ್ಕೆ, ವಜ್ರದೊಳಗಿನ ಕಾಗೆಕಾಲಿನ ಗುರುತು ಇದ್ದದ್ದನ್ನು ತೊಡಬಾರದು ಎನ್ನುತ್ತವೆ. ಆದರೆ ಪುರಾಣಗಳು ರತ್ನಗಳ ಹುಟ್ಟಿನ ಕಥೆ ಹೇಳುವಾಗ, ದೇವತೆಗಳು ಕೊಂದ ಬಲ ಎಂಬ ಅಸುರನ ಛಿದ್ರವಾದ ದೇಹದಿಂದ ಅವು ಬಂದವು ಎನ್ನುತ್ತವೆ: ಮೂಳೆ ವಜ್ರವಾಯಿತು, ಹಲ್ಲು ಮುತ್ತಾಯಿತು, ನೆತ್ತರು ಮಾಣಿಕ್ಯವಾಯಿತು, ಪಿತ್ತ ಪಚ್ಚೆಯಾಯಿತು. ಒಡೆದ ಮೈಯಲ್ಲಿ ಹುಟ್ಟಿದ್ದರಲ್ಲಿ ಒಡಕಿಲ್ಲದ್ದನ್ನೇ ಹುಡುಕುವ ಈ ಆಸೆ ಎಂಥದೋ! ಆರನೆಯ ಶತಮಾನದ ವರಾಹಮಿಹಿರ ಮಾತ್ರ ಈ ಕಥೆಯನ್ನು ಹೇಳಿ, ಭೂಮಿಯ ಸ್ವಭಾವದಿಂದಲೇ ಕಲ್ಲುಗಳು ಹೀಗಾಗುತ್ತವೆ ಎನ್ನುವವರೂ ಇದ್ದಾರೆ ಎಂದು ಸೇರಿಸುತ್ತಾನೆ.

ಪೂಜೆಯ ವಿಷಯದಲ್ಲೂ ಎರಡು ಮಾತಿದೆ. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ. ಕೃಷ್ಣದೇವರಾಯ 1528ರಲ್ಲಿ ಮಾಡಿಸಿದ ಹಂಪಿಯ ನರಸಿಂಹನ ಮುಂದೆ ದಿನವೂ ಸಾವಿರಾರು ಜನ ನಿಲ್ಲುತ್ತಾರೆ, ಮಂಗಳಾರತಿ ಎತ್ತುವವರಿಲ್ಲ. ತೊಡೆಯ ಮೇಲಿದ್ದ ಲಕ್ಷ್ಮಿ ಹೋಗಿದ್ದಾಳೆ, ಅವನ ಬೆನ್ನು ಬಳಸಿದ್ದ ಅವಳ ಕೈ ಮಾತ್ರ ಉಳಿದಿದೆ. ಆದರೆ ಸಾಲಿಗ್ರಾಮಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ಒಡೆದರೂ ಸೀಳಿದರೂ ಅದು ಪೂಜೆಗೆ ಸಲ್ಲುತ್ತದೆ ಎನ್ನುತ್ತಾರೆ. ಮನುಷ್ಯ ಕೆತ್ತಿ ಕೊಟ್ಟ ರೂಪ ಮುರಿದರೆ ದೇವರು ಹೊರಟುಹೋಗುತ್ತಾನೆ. ನದಿ ಕೊಟ್ಟ ಕಲ್ಲಿನಲ್ಲಿ ಮುರಿದರೂ ಇರುತ್ತಾನೆ. ಒಡವೆಯ ಕಲ್ಲು ಇವೆರಡರ ನಡುವಿನದು. ಅದರ ಬಣ್ಣ ಭೂಮಿಯದು, ಆಕಾರ ಸಾಣೆಯವನದು. ಮುಕ್ಕಾದದ್ದು ಸಾಣೆಯವನ ಪಾಲು. ಭೂಮಿಯ ಪಾಲಿಗೆ ಇನ್ನೂ ಏನೂ ಆಗಿಲ್ಲ.

ಮರುವಾರ ಹೋದಾಗ ಆಚಾರ್ರು ಇನ್ನೊಂದು ಸುದ್ದಿ ಇಟ್ಟುಕೊಂಡಿದ್ದರು. ಎಲ್ಲ ಕಲ್ಲನ್ನೂ ಬಿಚ್ಚಿದಾಗ ಬಲ ಓಲೆಯ ನಡುವಿನ ಕಲ್ಲು ಬೇರೆಯದೆಂದು ಗೊತ್ತಾಗಿತ್ತು. ಭೂತಗನ್ನಡಿ ನನ್ನ ಕೈಗೆ ಕೊಟ್ಟು, "ಒಳಗೆ ಗುಂಡು ಗುಂಡಗೆ ಗುಳ್ಳೆ ಕಾಣ್ತದಾ? ಅದು ಮಾಡಿದ ಕಲ್ಲು" ಎಂದರು. ಫ್ರಾನ್ಸಿನ ಒಗಸ್ಟ್ ವೆರ್ನೇಯ್ ಉರಿಯಲ್ಲಿ ಪುಡಿ ಕರಗಿಸಿ ಕೆಂಪು ಮಾಡುವ ವಿಧಾನವನ್ನು 1902ರಲ್ಲಿ ಪ್ರಕಟಿಸಿದ ಮೇಲೆ ಅಂಥ ಕಲ್ಲುಗಳು ಲೋಕವನ್ನೆಲ್ಲ ತುಂಬಿದವು. ಅವುಗಳಲ್ಲಿ ಒಂದು ನಮ್ಮ ಮನೆಯ ಓಲೆಗೂ ಬಂದು ಕೂತಿತ್ತು. ಅಂದರೆ ಎಂದೋ ಒಮ್ಮೆ ನಡುವಿನ ಕಲ್ಲು ಬಿದ್ದುಹೋಗಿದೆ, ಅಥವಾ ಒಡೆದಿದೆ. ಯಾರೋ ಹೊಸದು ಹಾಕಿಸಿದ್ದಾರೆ. ಅಜ್ಜಿಯೋ ಅಮ್ಮನೋ? ಅಮ್ಮನಿಗೆ ಅದು ಗೊತ್ತಿತ್ತೋ ಇಲ್ಲವೋ? ಕೇಳಲು ಈಗ ಯಾರೂ ಇಲ್ಲ. ಮೋಸವೆಂದು ನನಗೆ ಅನ್ನಿಸಲಿಲ್ಲ. ಅನ್ನಿಸಿದ್ದು, ಛೆ, ಹೇಳಬಹುದಿತ್ತಲ್ಲ ಎಂದು.

ಕಲ್ಲಿನ ಲೋಕದಲ್ಲಿ ಮುಚ್ಚಿಡುವುದಕ್ಕೆ ದೊಡ್ಡ ಪರಂಪರೆಯೇ ಇದೆ. ಪಚ್ಚೆಯಲ್ಲಿ ಬಿರುಕಿಲ್ಲದ್ದು ಸಿಗುವುದೇ ಅಪರೂಪವಾದ್ದರಿಂದ ಅದಕ್ಕೆ ಎಣ್ಣೆ ಕುಡಿಸುವುದು ಹಳೆಯ ಕ್ರಮ. ಬೆಳಕು ಪಚ್ಚೆಯಲ್ಲಿ ಬಾಗುವಷ್ಟೇ ಹೆಚ್ಚುಕಮ್ಮಿ ಆ ಎಣ್ಣೆಯಲ್ಲೂ ಬಾಗುವುದರಿಂದ ಬಿರುಕು ಕಣ್ಣಿಗೆ ಮಾಯವಾಗುತ್ತದೆ. ಕೊಳ್ಳುವವರಿಗೆ ಹೇಳಿ ಮಾಡಿದರೆ ವ್ಯಾಪಾರದಲ್ಲಿ ಇದು ತಪ್ಪಲ್ಲ. ಈಚಿನ ಎರಡು ದಶಕಗಳಲ್ಲಿ ಬಂದದ್ದು ಬಿರುಕು ತುಂಬಿದ ಕೆಂಪಿನ ಸಂದಿಗೆ ಸೀಸದ ಗಾಜು ಹರಿಸುವ ವಿದ್ಯೆ. ನೋಡಲು ಸೊಗಸು, ಬೆಲೆ ಕಮ್ಮಿ. ನಿಂಬೆರಸವೂ ಅದರ ಗಾಜನ್ನು ತಿನ್ನುತ್ತದೆ. ಅಂಥ ಉಂಗುರವನ್ನು ಏನೂ ಹೇಳದೆ ರಿಪೇರಿಗೆ ಕೊಟ್ಟರೆ, ಆಚಾರ್ರು ಎಂದಿನಂತೆ ಉರಿ ಹಿಡಿದ ಕ್ಷಣ ಕಲ್ಲು ಹಾಳು. ಎಣ್ಣೆ ಕುಡಿದ ಪಚ್ಚೆಯನ್ನು ಒಡವೆ ತೊಳೆಯುವ ಅಲ್ಟ್ರಾಸಾನಿಕ್ ಯಂತ್ರಕ್ಕೆ ಹಾಕಿದರೂ ಅದೇ ಗತಿ. ಬಿರುಕೆಲ್ಲ ಎದ್ದು ನಿಲ್ಲುತ್ತವೆ. ಮುಚ್ಚಿಟ್ಟವನು ಅಷ್ಟು ಹೊತ್ತಿಗೆ ದುಡ್ಡು ಎಣಿಸಿಕೊಂಡು ಹೋಗಿರುತ್ತಾನೆ. ಏಟು ಬೀಳುವುದು ಮುಂದೆ ಒಳ್ಳೆಯದು ಮಾಡಲು ಬಂದವನ ಮೇಲೆ. ಸಂಸಾರಗಳಲ್ಲೂ ನಡೆಯುವುದು ಇದೇ. ಇಂಥವರಿಗೆ ಇಂಥ ನೋವಿದೆ ಎಂದು ಒಂದು ಮಾತು ಹೇಳದೆ ಮದುವೆ ಮಾಡಿದ ಮೇಲೆ, ಮನೆಗೆ ಬಂದ ಸೊಸೆಯೋ ಅಳಿಯನೋ ತಿಳಿಯದೆ ಉರಿ ಹಿಡಿಯುತ್ತಾರೆ.

ನಾನು ಮೂರನೆಯ ದಾರಿ ಹಿಡಿದೆ. ಮುಕ್ಕಾದ ಕಲ್ಲನ್ನು ತಿರುಗಿಸಿ ಕೂರಿಸಲು ಹೇಳಿದೆ. ನಡುವಿನ ಮಾಡಿದ ಕಲ್ಲನ್ನೂ ಬದಲಿಸಬೇಡಿ ಎಂದೆ. ಯಾರೋ ಯಾವುದೋ ಕಷ್ಟದಲ್ಲಿ ಹೊಂದಿಸಿದ್ದು, ಇಷ್ಟು ವರ್ಷ ಉಳಿದ ಆರರ ನಡುವೆ ಕೂತು ತಾನೂ ಮನೆಯದೇ ಆಗಿದೆ. ಹೊಸ ಬೇಗಡೆ ಹಾಕಿ, ಅಂಚಿನ ಚಿನ್ನ ಸವೆದಿದ್ದ ಕಡೆ ತುಸು ಸೇರಿಸಿ ಒತ್ತಿದರು. ಆ ಅಂಚನ್ನು ತೋರಿಸುತ್ತ ಆಚಾರ್ರು ಒಂದು ಮಾತು ಹೇಳಿದರು: "ಕಲ್ಲು ಒಡೆದು ಕಳ್ಕೊಂಡೋರಿಗಿಂತ, ಹಿಡ್ಕೊಂಡಿರೋ ಚಿನ್ನ ಸವೆದು ಕಳ್ಕೊಂಡೋರೇ ಜಾಸ್ತಿ ತಾಯಿ. ವರ್ಷಕ್ಕೊಂದು ಸಲ ತಂದು ತೋರಿಸಿ."

ನಿಮ್ಮ ಮನೆಯ ಪೆಟ್ಟಿಗೆಯಲ್ಲೂ ಇಂಥದೊಂದು ಇರಬಹುದು. ಕಪ್ಪಾಯಿತೆಂದು ಕರಗಿಸಲು ಕೊಡುವ ಮುನ್ನ ಬಿಚ್ಚಿಸಿ ನೋಡಿ. ಬದಲಿಸಿದರೆ ತೆಗೆದ ಕಲ್ಲನ್ನು ಪೊಟ್ಟಣ ಕಟ್ಟಿ ವಾಪಸ್ಸು ಕೇಳಿ. ಅಂಗಡಿಯಲ್ಲಿ ಅದಕ್ಕೆ ಏನೂ ಬರುವುದಿಲ್ಲ, ನಿಜ, ಮನೆಯಲ್ಲಿ ಬರುತ್ತದೆ. ಏನು ಮಾಡಿಸಿದಿರಿ ಎಂದು ಬರೆದಿಡಿ. ನಾನು ಮಗಳಿಗೆಂದು ಡಬ್ಬಿಯಲ್ಲಿ ಗುಲಾಬಿ ಕಾಗದದ ಮಡಿಕೆಯೊಳಗೆ ಒಂದು ಚೀಟಿ ಇಟ್ಟಿದ್ದೇನೆ: "ಬಲ ಓಲೆ, ನಡುವಿನ ಕಲ್ಲು ಮಾಡಿದ್ದು. ಕೆಳಗಿನದು ಮುಕ್ಕಾಗಿದೆ, ಅಂಚಿನೊಳಗೆ ತಿರುಗಿಸಿದೆ. ನೀರಲ್ಲಿ ನೆನೆ ಹಾಕಬೇಡ."